ಆಚೆ ಪ್ಲಾಟ್‌ಫಾರ್ಮು

ಗೂಡ್ಸ್ ಎಂಜಿನ್‌ಗಳ ಫೋಟೊ ತೆಗೆಯುವ ಹುಚ್ಚು ಇಬ್ಬರಿಗೂ ಇತ್ತು. ಆದರೆ ವಾಟ್ಸಾಪ್ ಗುಂಪಿನಲ್ಲಿ ಹೊಗಳಿಕೆಯೆಲ್ಲ ಗುರುಸಿದ್ಧನಿಗೇ. ವೀರೇಶನಿಗೆ ಹೊಟ್ಟೆ ಉರಿಯುತ್ತಿತ್ತು.

ಅಂದು ಹೊಸ ಮಾದರಿಯ ಎಂಜಿನ್ ಮೊದಲ ಸಲ ಅವರೂರಿನ ಸ್ಟೇಷನ್ ದಾಟಿ ಹೋಗುವುದಿತ್ತು. ಅದು ಬರುವುದು ಈಚೆ ಹಳಿಯಲ್ಲಿ, ಇಬ್ಬರೂ ನಿಂತಿದ್ದ ಪ್ಲಾಟ್‌ಫಾರ್ಮಿನ ಪಕ್ಕದಲ್ಲೇ. ಅದೇ ಹೊತ್ತಿಗೆ ಆಚೆ ಹಳಿಯಲ್ಲಿ ಅದಿರಿನ ಉದ್ದನೆಯ ಗೂಡ್ಸ್ ಬಂದು ಆಚೆ ನಿಂತವರಿಗೆ ಅಡ್ಡವಾಗುತ್ತದೆ. ಇದನ್ನು ವೀರೇಶ ಮೊದಲೇ ವಿಚಾರಿಸಿಕೊಂಡಿದ್ದ.

“ನೀ ಆಚೆ ಪ್ಲಾಟ್‌ಫಾರ್ಮಿಗೆ ಹೋಗೋ ದೋಸ್ತ. ಫೋಟೊ ಅಲ್ಲಿಂದ ಚಲೋ ಬರ್ತೈತಿ,” ಎಂದ.

“ಮತ್ತ ನೀ?”

“ನಂದೇನ್ ಬಿಡು, ನನಗ ಇಲ್ಲೇ ಸಾಕು.”

ಗುರುಸಿದ್ಧ ಮೇಲ್ಸೇತುವೆ ಹತ್ತಿ ಆಚೆ ಇಳಿದ.

ವೀರೇಶ ಕ್ಯಾಮೆರಾ ಎತ್ತಿ ಹಿಡಿದ. ಕೊನೆ ಗಳಿಗೆಯಲ್ಲಿ ಹಳಿ ಅದಲುಬದಲಾಗಿ, ಅವನ ಮುಂದಿನ ಹಳಿಗೆ ಬಂದದ್ದು ಅದಿರಿನ ಗೂಡ್ಸ್. ಸಾಲು ವ್ಯಾಗನ್ನುಗಳ ಆಚೆಯಿಂದ ಹೊಸ ಎಂಜಿನ್ನಿನ ಸಿಳ್ಳೆ ಕೇಳಿಸಿತು, ಅದರ ಹಿಂದೆಯೇ ಗುರುಸಿದ್ಧನ ಕೂಗು:

“ನಿನ್ನ ಉಪಕಾರ ಮರಿಯಂಗಿಲ್ಲೋ ದೋಸ್ತ!”