ಓಡಿಹೋದವನ ಮುಖ

ಊರಲ್ಲಿ ದಂಗೆಯೆದ್ದು ಕರ್ಫ್ಯೂ ಬಿದ್ದ ಮೇಲೆ ಚಿತ್ರಕಲಾವಿದೆಯಾದ ಆಕೆಗೆ ಕಿಟಕಿಯಾಚೆ ಕಾಣುತ್ತಿದ್ದವರು ಕಾವಲಿನ ಸೈನಿಕರು ಮಾತ್ರ. ಎರಡು ತಿಂಗಳು ಅವರ ಚಿತ್ರಗಳನ್ನೇ ಬರೆದಳು. ಅವರಲ್ಲೊಬ್ಬ, ಜನರ ಮೇಲೆ ಗುಂಡು ಹಾರಿಸಲಾರೆನೆಂದು ಬಂದೂಕು ಬಿಟ್ಟು ಓಡಿಹೋದ.

ಮರುದಿನ, ಆಗಷ್ಟೇ ವರ್ಗವಾಗಿ ಬಂದಿದ್ದ ಕ್ಯಾಪ್ಟನ್ ಬಾಗಿಲು ತಟ್ಟಿದ.

"ಅವನ ಫೋಟೊ ತರಿಸೋಕೆ ವಾರ ಬೇಕು. ನೀವು ಅವನ ಚಿತ್ರ ಬರೆದಿದ್ದೀರಂತೆ, ಕೊಡಿ. ಊರೆಲ್ಲ ಅಂಟಿಸಬೇಕು."

"ಕೊಡದಿದ್ದರೆ?"

"ನಿಮ್ಮನ್ನೇ ಕರ್ಕೊಂಡು ಹೋಗಬೇಕಾಗುತ್ತೆ, ಅಮ್ಮಾ."

ಹಿತ್ತಿಲ ಬಾಗಿಲಲ್ಲೂ ಕಾವಲಿತ್ತು. ಆಕೆ ಪೆಟ್ಟಿಗೆ ತೆರೆದು, ಎಂದೋ ತೀರಿಹೋದ ಗಂಡನ ಹರೆಯದಲ್ಲಿ ತಾನು ಬರೆದಿದ್ದ ಅವನ ಚಿತ್ರವೊಂದನ್ನು ಎತ್ತಿಕೊಟ್ಟಳು.

ಕ್ಯಾಪ್ಟನ್ ತಲೆದೂಗಿದ. ಸದ್ಯ, ಬದುಕಿದೆ ಎಂದು ಆಕೆ ಅಂದುಕೊಳ್ಳುವಷ್ಟರಲ್ಲಿ ಅವನು ಹೊರಗೆ ತಿರುಗಿ ಕೂಗಿದ: "ಅವನ ಡೇರೆಯವರು ಯಾರ್ರೀ? ಬನ್ನಿ ಇಲ್ಲಿ. ಇವನೇನಾ ನೋಡಿ ಹೇಳಿ."

ಮೂವರು ಬಂದರು. ಹಿರಿಯ ಸೈನಿಕ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಆಕೆಯನ್ನು ನೋಡಿದ. ಉಳಿದಿಬ್ಬರಿಗೂ ತೋರಿಸಿದ.

"ಇವನೇ ಸರ್," ಎಂದ ಹಿರಿಯ. "ಎರಡು ತಿಂಗಳು ಪಕ್ಕದಲ್ಲೇ ಮಲಗಿದ್ದೀನಿ, ನಂಗೆ ಗೊತ್ತಾಗಲ್ವಾ?"