ಮೀನಿನ ಮಡಿ

ಕೆಲಸದವಳು ಮುಟ್ಟಿದಳೆಂದು ಸುಭದ್ರಮ್ಮ ಕೊಡದ ನೀರು ಚೆಲ್ಲಿದಾಗಲೆಲ್ಲ ಮಗ ನಗುತ್ತಿದ್ದ. “ನೀರಿಗೆಂಥಾ ಮೈಲಿಗೆ ಅಮ್ಮಾ?” ಎಂದು ಉಪನ್ಯಾಸ ಬಿಗಿಯುತ್ತಿದ್ದ.

ಅಂಥ ಮಹಾಶಯ ಈಗ ಮನೆಯಲ್ಲಿ ಕಡಲ ಮೀನು ಸಾಕಿದ್ದ. ಉಪ್ಪು ಬೆರೆಸುವ ಮೊದಲು ಬಕೆಟ್ಟಿನ ನೀರಿಗೆ ಕಲ್ಮಶ ಅಳೆಯುವ ಮೀಟರು ಅದ್ದುತ್ತಿದ್ದ. ಸೊನ್ನೆ ತೋರಿಸಿದರಷ್ಟೇ ಶುದ್ಧ.

ಒಂದು ದಿನ ಸುಭದ್ರಮ್ಮ ಸುಮ್ಮನೆ ಆ ಬಕೆಟ್ಟಿಗೆ ಬೆರಳದ್ದಿದ್ದೇ ತಡ, ಮಗ ಹೌಹಾರಿದ.

“ಅಮ್ಮಾ, ಮುಟ್ಟಿಬಿಟ್ಯಾ!”

ಅಷ್ಟೂ ನೀರನ್ನು ಬಚ್ಚಲಿಗೆ ಸುರಿದ.

“ನನ್ನ ಕೈ ಶುದ್ಧವಾಗೇ ಇದೆಯಲ್ಲೋ.”

“ನಿಂಗೆ ಗೊತ್ತಾಗಲ್ಲ. ನಾನು ತುಂಬಿಟ್ಟ ನೀರನ್ನ ಇನ್ಮೇಲೆ ಯಾರೂ ಮುಟ್ಟಬಾರದು. ಬೇರೆಯವರ ಕೈ ತಗುಲಿದ್ರೆ ಇವಕ್ಕೆ ಆಗಲ್ಲ.”

ಸುಭದ್ರಮ್ಮ ಗಾಜಿನ ತೊಟ್ಟಿಯತ್ತ ತಿರುಗಿ, ಭಕ್ತಿಯಿಂದ ಸೆರಗು ಹೊದ್ದುಕೊಂಡರು.

“ಇಷ್ಟು ದಿನ ಹೇಳಲೇ ಇಲ್ವಲ್ಲೋ, ಈ ಮೀನುಗಳು ನಮ್ಮ ಮಠದವೇ ಅಂತ!”