ಮೂರನೆಯ ತಲೆ

ರೋಮಿನ ಮುದಿ ಶಿಲ್ಪಿ ಅದೇ ಅಮೃತಶಿಲೆಯ ಮೈಗೆ ಆ ವರ್ಷ ಕೆತ್ತಿ ಕೂರಿಸಿದ್ದು ಇದು ಮೂರನೆಯ ತಲೆ. ಮೊದಲಿನ ಇಬ್ಬರು ಚಕ್ರವರ್ತಿಗಳೂ ಕೊಲೆಯಾಗಿದ್ದರು. ಹೊಸ ಚಕ್ರವರ್ತಿ ತಮ್ಮನೊಡನೆ ಬಂದು ತನ್ನ ಮೂರ್ತಿಯ ಗಲ್ಲ ಸವರಿದಾಗ ತಲೆ ಅಲುಗಾಡಿತು.

"ಇದ್ಯಾಕೆ ಸಡಿಲ ಬಿಟ್ಟಿದ್ದೀಯ?"

"ಬದಲಾಯಿಸೋಕೆ ಸುಲಭ ಆಗಲಿ ಅಂತ, ಪ್ರಭು," ಎಂದುಬಿಟ್ಟ ಶಿಲ್ಪಿ ನಾಲಿಗೆ ಕಚ್ಚಿಕೊಂಡ.

ಚಕ್ರವರ್ತಿ ನಕ್ಕು ತಮ್ಮನ ಹೆಗಲ ಮೇಲೆ ಕೈಯಿಟ್ಟ. "ಇವನು ಕಾವಲಿಗಿರೋವಾಗ ನನ್ನನ್ನ ಯಾರು ಮುಟ್ಟುತ್ತಾರೆ? ಸೀಸ ಹೊಯ್ದು ಭದ್ರ ಮಾಡು."

ಇದೊಂದಾದರೂ ಉಳಿಯಲಿ ಎಂದುಕೊಂಡು ಶಿಲ್ಪಿ ಸೀಸ ಕರಗಿಸತೊಡಗಿದ. ಅಣ್ಣನನ್ನು ಹೊರಗೆ ಬಿಟ್ಟು ತಮ್ಮ ಒಬ್ಬನೇ ಹಿಂದಿರುಗಿ, ಎದುರಿಗೆ ಮುಖವೊಡ್ಡಿ ಕೂತ. ಮುದುಕ ಕರಗಿದ ಸೀಸವನ್ನು ಸೌಟಿಗೆ ತುಂಬಿಕೊಂಡ.

"ಸೀಸ ಬೇಡ. ನನ್ನ ಮುಖದ ಅಳತೆ ತಗೋ. ಬೇಗ, ಅಣ್ಣ ಕಾಯ್ತಿದ್ದಾನೆ."